ಒಬ್ಬ ಆಟಗಾರ, ಎರಡು ಕ್ರಯಪತ್ರ

ಒಂದೇ ಜಾಗಕ್ಕೆ ಇಬ್ಬರು ಹಕ್ಕುದಾರರು ಹುಟ್ಟಿಕೊಂಡ ಕಾಗದಪತ್ರಗಳನ್ನು ಬ್ಯಾಂಕಿನ ಸಾಲ ವಿಭಾಗದಲ್ಲಿ ಬೇಕಾದಷ್ಟು ನೋಡಿದ್ದೇನೆ. ಒಬ್ಬ ಮನುಷ್ಯನಿಗೇ ಹಾಗಾದದ್ದನ್ನು ಓದಿದ್ದು ಆಲ್ಫ್ರೆಡೋ ಡಿ ಸ್ಟೆಫಾನೋನ ಕಥೆಯಲ್ಲಿ. ಪೆಲೆ, ಮರಡೋನಾ ನಮಗೆಲ್ಲ ಗೊತ್ತು, ಈತನ ಹೆಸರು ಕೇಳಿದವರು ಕಡಿಮೆ.

1926ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿದ ಈತ ರಿವರ್ ಪ್ಲೇಟ್ ಕ್ಲಬ್ಬಿನ ಹುಡುಗ. 1948ರಲ್ಲಿ ಅರ್ಜೆಂಟೀನಾದ ಆಟಗಾರರು ಮುಷ್ಕರ ಹೂಡಿದರು. (ಮುಷ್ಕರ ಅಂದ ಕೂಡಲೇ ನಮ್ಮಂಥ ಬ್ಯಾಂಕಿನವರ ಕಿವಿ ನೆಟ್ಟಗಾಗುತ್ತದೆ!) ಮರುವರ್ಷ ಈತ ಕೊಲಂಬಿಯಾದ ಮಿಲೊನಾರಿಯೋಸ್ ಕ್ಲಬ್ಬಿಗೆ ಹೊರಟೇಬಿಟ್ಟ. ಆಗ ಅಲ್ಲಿನ ಲೀಗು ಫಿಫಾದ ಹೊರಗಿತ್ತು. ಹಾಗಾಗಿ ಹಳೆಯ ಕ್ಲಬ್ಬಿಗೆ ಬಿಡಿಗಾಸು ಕೊಡದೆ ಆಟಗಾರರನ್ನು ಕರೆಸಿಕೊಳ್ಳುತ್ತಿದ್ದರು. 1951ರಲ್ಲಿ ಲಿಮಾದಲ್ಲಿ ರಾಜಿಯಾಯಿತು: ಬಂದವರು 1954ರವರೆಗೆ ಕೊಲಂಬಿಯಾದಲ್ಲಿ ಆಡಬಹುದು, ಆಮೇಲೆ ಮೂಲ ಕ್ಲಬ್ಬಿಗೆ ಮರಳಬೇಕು.

ತೊಡಕು ಹುಟ್ಟಿದ್ದೇ ಇಲ್ಲಿ ನೋಡಿ. 1953ರಲ್ಲಿ ಬಾರ್ಸಿಲೋನಾ ಕ್ಲಬ್ಬು ರಿವರ್ ಪ್ಲೇಟ್ ಜೊತೆ ವ್ಯವಹಾರ ಕುದುರಿಸಿತು, ರಿಯಲ್ ಮ್ಯಾಡ್ರಿಡ್ ಮಿಲೊನಾರಿಯೋಸ್ ಜೊತೆ. ಒಬ್ಬರ ಕೈಲಿ ಮೂಲ ಹಕ್ಕು, ಇನ್ನೊಬ್ಬರ ಕೈಲಿ ಸ್ವಾಧೀನ! ಸ್ಪೇನಿನ ಫುಟ್‌ಬಾಲ್ ಸಂಸ್ಥೆ ಕೊಟ್ಟ ತೀರ್ಪು ಇನ್ನೂ ಸೊಗಸು: ನಾಲ್ಕು ಸೀಸನ್, ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ. ಮೊದಲ ಸರದಿ ಮ್ಯಾಡ್ರಿಡ್‌ನದು. ಬಾರ್ಸಿಲೋನಾ ಅಧ್ಯಕ್ಷರು ರಾಜೀನಾಮೆ ಕೊಟ್ಟರು, ಕ್ಲಬ್ಬು ತನ್ನ ಪಾಲನ್ನು ಬಿಟ್ಟುಕೊಟ್ಟಿತು. ಇದರಲ್ಲಿ ಫ್ರಾಂಕೋ ಸರಕಾರದ ಕೈವಾಡವಿತ್ತೆಂದು ಆ ಕಡೆಯವರು ಇಂದಿಗೂ ಹೇಳುತ್ತಾರೆ. ಇದ್ದರೂ ಇರಬಹುದು. ಆದರೆ ಮಿಲೊನಾರಿಯೋಸ್ ಬಾಬತ್ತನ್ನು ಮೊದಲೇ ಚುಕ್ತಾ ಮಾಡಿಕೊಂಡಿದ್ದರೆ ಕೈಯಾಡಿಸಲು ಅಷ್ಟು ಸುಲಭದ ಸಂದಿ ಸಿಗುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಬಿಟ್ಟುಕೊಟ್ಟದ್ದು ಎಂಥ ಆಸ್ತಿ ಅಂತೀರಾ? 1956ರಿಂದ 1960ರವರೆಗೆ ಸತತ ಐದು ಯುರೋಪಿಯನ್ ಕಪ್ ಮ್ಯಾಡ್ರಿಡ್ ಪಾಲಾಯಿತು, ಐದೂ ಫೈನಲ್‌ಗಳಲ್ಲಿ ಈತನ ಗೋಲು. 1960ರಲ್ಲಿ ಗ್ಲಾಸ್ಗೋದಲ್ಲಿ ಫ್ರಾಂಕ್‌ಫರ್ಟ್ ತಂಡವನ್ನು 7-3ರಿಂದ ಬಡಿದಾಗ ಮೂರು ಈತನದು, ನಾಲ್ಕು ಪುಷ್ಕಾಸ್‌ನದು. ಬರೀ ಗೋಲು ಹೊಡೆಯುವವನೂ ಅಲ್ಲ, ಹಿಂದೆ ಬಂದು ಚೆಂಡು ಕಸಿದು, ತಾನೇ ಆಟ ಕಟ್ಟಿ, ಮತ್ತೆ ಮುಂದೆ ಓಡುವವ.

ಇಷ್ಟಾದರೂ ವಿಶ್ವಕಪ್‌ನಲ್ಲಿ ಒಂದೇ ಒಂದು ಪಂದ್ಯ ಆಡಲಿಲ್ಲ. 1950, 1954ರಲ್ಲಿ ಅರ್ಜೆಂಟೀನಾ ಹೋಗಲೇ ಇಲ್ಲ. ಆಮೇಲೆ ಸ್ಪೇನಿನ ಪೌರನಾಗಿ 31 ಪಂದ್ಯಗಳಲ್ಲಿ 23 ಗೋಲು ಹೊಡೆದ, ಆದರೆ 1958ಕ್ಕೆ ಸ್ಪೇನ್ ಅರ್ಹತೆ ಪಡೆಯಲಿಲ್ಲ. 1962ರಲ್ಲಿ ತಂಡದ ಜೊತೆ ಚಿಲಿಗೆ ಹೋದವನು ಗಾಯದಿಂದ ಹೊರಗೇ ಕೂತ.

1964ರಲ್ಲಿ ಮ್ಯಾಡ್ರಿಡ್ ಬಿಟ್ಟ. ಹೋದದ್ದು ಬಾರ್ಸಿಲೋನಾ ನಗರಕ್ಕೇ, ಆದರೆ ಅಲ್ಲಿನ ಇನ್ನೊಂದು ಕ್ಲಬ್ಬಾದ ಎಸ್ಪಾನ್ಯೋಲ್‌ಗೆ!