ಡಿ ಮರಿಯಾ: ಆರು ದೇಶ ಸುತ್ತಿ ಊರಿಗೆ ಮರಳಿದ ವಿಂಗರ್

ಅರ್ಜೆಂಟೀನಾದ ಏಂಜೆಲ್ ಡಿ ಮರಿಯಾ ಎರಡು ದಶಕಗಳ ವೃತ್ತಿಜೀವನದಲ್ಲಿ ಆರು ದೇಶಗಳ ಆರು ಕ್ಲಬ್‌ಗಳ ಪರ ಆಡಿದ ಎಡಗಾಲಿನ ಫುಟ್‌ಬಾಲ್ ಆಟಗಾರ. 2024ರಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳುವ ವೇಳೆಗೆ ಅವರು ದೇಶದ ಪರ 145 ಪಂದ್ಯಗಳಲ್ಲಿ 31 ಗೋಲು ಗಳಿಸಿದ್ದರು. ಮುಂಚೂಣಿಯಲ್ಲಿ ಆಡುವವರ ಮಟ್ಟಿಗೆ ಇದು ಬೆರಗು ಹುಟ್ಟಿಸುವ ಸಂಖ್ಯೆಯಲ್ಲ. ಆದರೆ ಈ 31ರ ಹೊರಗೆ ಒಲಿಂಪಿಕ್ಸ್ ಫೈನಲ್‌ನಲ್ಲೊಂದು ಗೋಲಿದೆ. ಒಳಗೆ ಕೊಪಾ ಅಮೆರಿಕ, ಫಿನಾಲಿಸಿಮಾ ಮತ್ತು ವಿಶ್ವಕಪ್ ಫೈನಲ್‌ಗಳಲ್ಲಿ ಒಂದೊಂದು ಗೋಲಿದೆ. ಆ ನಾಲ್ಕೂ ಫೈನಲ್‌ಗಳನ್ನು ಅರ್ಜೆಂಟೀನಾ ಗೆದ್ದಿತು. ಗಾಯದ ಸಮಸ್ಯೆ ಅವರನ್ನು ಕಾಡಿದ 2014, 2015 ಮತ್ತು 2016ರ ಮೂರು ಫೈನಲ್‌ಗಳಲ್ಲಿ ಸೋತಿತು.

ಮೈದಾನದ ಅಂಚುಗೆರೆಯ ಬದಿಯಲ್ಲಿ ಓಡುತ್ತ, ಎದುರಾಳಿ ರಕ್ಷಣಾ ಆಟಗಾರನನ್ನು ವಂಚಿಸಿ, ಗೋಲಿನ ಮುಂದಕ್ಕೆ ಚೆಂಡು ಕಳುಹಿಸುವುದು ವಿಂಗರ್‌ನ ಕೆಲಸ. ಡಿ ಮರಿಯಾ ಈ ಕೆಲಸವನ್ನು ಎರಡೂ ಅಂಚುಗಳಲ್ಲಿ ಮಾಡಿದರು. ಎಡಬದಿಯಲ್ಲಿ ನಿಂತರೆ ಗೆರೆಯವರೆಗೂ ಓಡಿ ಕ್ರಾಸ್ ನೀಡುವರು. ಬಲಬದಿಯಲ್ಲಿ ನಿಂತರೆ ಒಳಕ್ಕೆ ತಿರುಗಿ ಎಡಗಾಲಿನಿಂದ ಗೋಲಿನತ್ತ ಒದೆಯುವರು. ಬಲಗಾಲನ್ನು ಬಳಸಬೇಕಾದ ಕಡೆಯೂ ಎಡಗಾಲನ್ನೇ ಹಿಂದಿನಿಂದ ಸುತ್ತಿ ತಂದು ಚೆಂಡು ಒದೆಯುವ ‘ರಬೋನಾ’ ಎಂಬ ಕಾಲ್ಚಳಕ ಅವರ ಗುರುತಾಯಿತು. ಕಡ್ಡಿಯಂಥ ಮೈಕಟ್ಟಿನಿಂದಾಗಿ ಸಂಗಡಿಗರು ಇಟ್ಟ ಅಡ್ಡಹೆಸರು ‘ಫಿಡಿಯೊ’. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಶಾವಿಗೆ.

ಇದ್ದಿಲ ಮನೆಯ ಹುಡುಗ

ಡಿ ಮರಿಯಾ ಜನಿಸಿದ್ದು 1988ರ ಫೆಬ್ರುವರಿ 14ರಂದು, ಪರಾನಾ ನದಿಯ ದಡದಲ್ಲಿರುವ ರೊಸಾರಿಯೊ ನಗರದಲ್ಲಿ. ಲಯೊನೆಲ್ ಮೆಸ್ಸಿ ಹುಟ್ಟಿದ್ದೂ ಇದೇ ಊರಿನಲ್ಲಿ. ಆದರೆ ರೊಸಾರಿಯೊ ಎರಡು ಕ್ಲಬ್‌ಗಳ ನಡುವೆ ಸೀಳಿಹೋದ ಊರು. ಮೆಸ್ಸಿ ನ್ಯೂವೆಲ್ಸ್ ಓಲ್ಡ್ ಬಾಯ್ಸ್ ಕಡೆಯವರು, ಡಿ ಮರಿಯಾ ರೊಸಾರಿಯೊ ಸೆಂಟ್ರಲ್ ಕಡೆಯವರು.

2018ರಲ್ಲಿ ಪ್ರಕಟವಾದ ಸ್ವಕಥನದಲ್ಲಿ ಡಿ ಮರಿಯಾ ತಮ್ಮ ಬಾಲ್ಯವನ್ನು ವಿವರವಾಗಿ ಹೇಳಿಕೊಂಡಿದ್ದಾರೆ. ಒಂದು ಗಳಿಗೆಯೂ ಸುಮ್ಮನೆ ಕೂರದ ಮಗನನ್ನು ತಾಯಿ ವೈದ್ಯರ ಬಳಿ ಕರೆದೊಯ್ದರಂತೆ; ಫುಟ್‌ಬಾಲ್ ಆಡಲು ಬಿಡಿ ಎಂದರಂತೆ ವೈದ್ಯರು. ತಂದೆಯೂ ಒಂದು ಕಾಲಕ್ಕೆ ಭರವಸೆಯ ಆಟಗಾರರಾಗಿದ್ದು, ಮಂಡಿಯ ಗಾಯ ಅವರ ಕನಸನ್ನು ಮುರಿದಿತ್ತು. ಜೀವನೋಪಾಯಕ್ಕಾಗಿ ಮನೆಯಲ್ಲೇ ಇದ್ದಿಲನ್ನು ಚೀಲಕ್ಕೆ ತುಂಬಿ ಮಾರುವ ಕೆಲಸ. ಶಾಲೆಗೆ ಹೋಗುವ ಮುನ್ನ ಮಗನೂ ಚೀಲ ತುಂಬಲು ಕೈಜೋಡಿಸುತ್ತಿದ್ದ. ಇದ್ದಲ ಧೂಳಿಗೆ ಮನೆಯ ಬಿಳಿ ಗೋಡೆಗಳು ಬೂದುಬಣ್ಣಕ್ಕೆ ತಿರುಗಿದ್ದವು.

ಸ್ಥಳೀಯ ‘ಎಲ್ ತೊರಿತೊ’ ಕ್ಲಬ್‌ನಲ್ಲಿ ಚೆಂಡು ಒದೆಯಲು ಆರಂಭಿಸಿದ ಬಾಲಕ ಬೇಗನೆ ಸೆಂಟ್ರಲ್‌ನ ಕಿರಿಯರ ತಂಡ ಸೇರಿದ. ಅಭ್ಯಾಸದ ಮೈದಾನ ಮನೆಯಿಂದ ದೂರ, ಕಾರಿರಲಿಲ್ಲ. ‘ಗ್ರಾಸಿಯೆಲಾ’ ಎಂಬ ಹೆಸರಿನ ಹಳೆಯ ಸೈಕಲ್ಲಿನಲ್ಲಿ ಮಗನನ್ನೂ ಮಗಳನ್ನೂ ಕೂರಿಸಿಕೊಂಡು ತಾಯಿ ದಿನವೂ ಪೆಡಲ್ ತುಳಿಯುತ್ತಿದ್ದರು. ಹದಿನಾರು ತುಂಬಿದರೂ ಹಿರಿಯರ ತಂಡದಲ್ಲಿ ಸ್ಥಾನ ಸಿಗದಿದ್ದಾಗ ತಂದೆ ಮೂರು ದಾರಿ ತೋರಿಸಿದರು: ತನ್ನೊಂದಿಗೆ ದುಡಿಮೆ, ಓದು, ಇಲ್ಲವೇ ಫುಟ್‌ಬಾಲ್‌ನಲ್ಲಿ ಇನ್ನೊಂದು ವರ್ಷದ ಪ್ರಯತ್ನ. ಆ ಒಂದು ವರ್ಷದ ಗಡುವು ಮುಗಿಯುವ ಮುನ್ನ, 2005ರ ಡಿಸೆಂಬರ್‌ನಲ್ಲಿ, ಡಿ ಮರಿಯಾ ಸೆಂಟ್ರಲ್ ಪರ ಮೊದಲ ವಿಭಾಗದ ಲೀಗ್‌ಗೆ ಕಾಲಿರಿಸಿದರು.

ಲಿಸ್ಬನ್ ಮಾರ್ಗವಾಗಿ ಬೀಜಿಂಗ್

2007ರಲ್ಲಿ ಕೆನಡಾದಲ್ಲಿ ನಡೆದ 20 ವರ್ಷದೊಳಗಿನವರ ವಿಶ್ವಕಪ್ ಗೆದ್ದ ಅರ್ಜೆಂಟೀನಾ ತಂಡದಲ್ಲಿ ಡಿ ಮರಿಯಾ ಇದ್ದರು. ಅದರ ಬೆನ್ನಿಗೇ ಪೋರ್ಚುಗಲ್‌ನ ಬೆನ್ಫಿಕಾ ಅವರನ್ನು ಸೇರಿಸಿಕೊಂಡಿತು. ಲಿಸ್ಬನ್‌ನಲ್ಲಿ ನೆಲೆಯೂರಲು ಕೆಲಕಾಲ ಹಿಡಿಯಿತು. 2009–10ರ ಋತುವಿನಲ್ಲಿ ಬೆನ್ಫಿಕಾ ಲೀಗ್ ಪ್ರಶಸ್ತಿ ಗೆದ್ದಾಗ ಅವರು ಯುರೋಪಿನ ದೊಡ್ಡ ಕ್ಲಬ್‌ಗಳ ಕಣ್ಣಿಗೆ ಬಿದ್ದಾಗಿತ್ತು.

ಈ ನಡುವೆ ಬಂದದ್ದು 2008ರ ಬೀಜಿಂಗ್ ಒಲಿಂಪಿಕ್ಸ್. ಕ್ವಾರ್ಟರ್‌ಫೈನಲ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲು ಬಾರಿಸಿದ ಡಿ ಮರಿಯಾ, ನೈಜೀರಿಯಾ ವಿರುದ್ಧದ ಫೈನಲ್‌ನ ಏಕೈಕ ಗೋಲನ್ನೂ ಗಳಿಸಿದರು. ಎರಡೂ ಬಾರಿ ಚೆಂಡು ಒದಗಿಸಿದವರು ಮೆಸ್ಸಿ. ಮುನ್ನುಗ್ಗಿ ಬಂದ ಗೋಲ್‌ಕೀಪರ್‌ನ ತಲೆಯ ಮೇಲಿಂದ ಮೆಲ್ಲನೆ ತೇಲಿಬಿಟ್ಟ ಆ ಒದೆತ ಮುಂದೆಯೂ ದೊಡ್ಡ ವೇದಿಕೆಯಲ್ಲಿ ಮರುಕಳಿಸಲಿತ್ತು.

ಮ್ಯಾಡ್ರಿಡ್ ಮತ್ತು ಹರಿದ ಪತ್ರ

2010ರಲ್ಲಿ ರಿಯಲ್ ಮ್ಯಾಡ್ರಿಡ್ 2.5 ಕೋಟಿ ಯೂರೊ ಮೂಲಬೆಲೆಗೆ ಅವರನ್ನು ಖರೀದಿಸಿತು. ನಾಲ್ಕು ಋತುಗಳಲ್ಲಿ 190 ಪಂದ್ಯ, 36 ಗೋಲು, ಒಂದು ಲಾ ಲಿಗಾ, ಎರಡು ಕೊಪಾ ಡೆಲ್ ರೇ. ಜೋಸ್ ಮೌರಿನ್ಯೊ ಅವರನ್ನು ಹೆಚ್ಚಾಗಿ ಬಲ ಅಂಚಿನಲ್ಲಿ ಆಡಿಸಿದರು. ಗ್ಯಾರೆತ್ ಬೇಲ್ ಬಂದ ಮೇಲೆ ಆ ಜಾಗ ಹೋಯಿತು. ಆಗ ತರಬೇತುದಾರ ಕಾರ್ಲೊ ಆಂಚೆಲೊಟ್ಟಿ ಡಿ ಮರಿಯಾರನ್ನು ಮಿಡ್‌ಫೀಲ್ಡ್‌ನ ಎಡಭಾಗಕ್ಕೆ ತಂದರು. ಅದು ದಣಿವರಿಯದೆ ಹಿಂದೆ ಮುಂದೆ ಓಡಬೇಕಾದ ಸ್ಥಾನ. ವಿಂಗರ್‌ನ ವೇಗಕ್ಕೆ ಅಲ್ಲಿ ಹೊಸ ಅರ್ಥ ಬಂತು.

2014ರ ಮೇ 24ರಂದು ಲಿಸ್ಬನ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಇದರ ಫಲ ಕಂಡಿತು. ಅಟ್ಲೆಟಿಕೊ ಮ್ಯಾಡ್ರಿಡ್ ವಿರುದ್ಧದ ಹೆಚ್ಚುವರಿ ಅವಧಿಯಲ್ಲಿ ಎಡಬದಿಯಿಂದ ರಕ್ಷಣಾ ಆಟಗಾರರನ್ನು ಸೀಳಿ ನುಗ್ಗಿದ ಡಿ ಮರಿಯಾ ಒದ್ದ ಚೆಂಡನ್ನು ಗೋಲ್‌ಕೀಪರ್ ತಡೆದರೂ, ಚಿಮ್ಮಿದ ಚೆಂಡಿಗೆ ಬೇಲ್ ತಲೆ ಕೊಟ್ಟರು. ರಿಯಲ್ 4–1ರಿಂದ ಗೆದ್ದಿತು. ಪಂದ್ಯದ ಶ್ರೇಷ್ಠ ಆಟಗಾರ ಎಂಬ ಗೌರವ ಡಿ ಮರಿಯಾ ಪಾಲಾಯಿತು.

ಅದಾಗಿ ಎರಡೇ ತಿಂಗಳಿಗೆ ಅವರ ವೃತ್ತಿಜೀವನದ ಅತ್ಯಂತ ಕಹಿ ದಿನ ಬಂತು. ಬ್ರೆಜಿಲ್ ವಿಶ್ವಕಪ್‌ನಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ 118ನೇ ನಿಮಿಷದಲ್ಲಿ ಗೋಲು ಹೊಡೆದು ತಂಡವನ್ನು ಕ್ವಾರ್ಟರ್‌ಫೈನಲ್ ತಲುಪಿಸಿದ್ದ ಅವರು, ಬೆಲ್ಜಿಯಂ ವಿರುದ್ಧದ ಆ ಪಂದ್ಯದಲ್ಲಿ ತೊಡೆಯ ಸ್ನಾಯು ನೋವಿನಿಂದ ಹೊರನಡೆದರು. ಫೈನಲ್ ದಿನದ ಬೆಳಿಗ್ಗೆ ಚಿಕಿತ್ಸೆ ಪಡೆಯುತ್ತಿದ್ದಾಗ ರಿಯಲ್ ಮ್ಯಾಡ್ರಿಡ್‌ನಿಂದ ಪತ್ರವೊಂದು ಬಂತು. ಆಡುವ ಸ್ಥಿತಿಯಲ್ಲಿ ಅವರಿಲ್ಲ ಎಂಬುದು ಅದರ ತಾತ್ಪರ್ಯ. ಕ್ಲಬ್ ತಮ್ಮನ್ನು ಮಾರಲಿದೆ ಎಂಬ ಸುದ್ದಿ ಆಗಲೇ ಅವರ ಕಿವಿಗೆ ಬಿದ್ದಿತ್ತು. ಓದದೆಯೇ ಪತ್ರವನ್ನು ಹರಿದೆಸೆದೆ ಎಂದು ಅವರು ಸ್ವಕಥನದಲ್ಲಿ ಹೇಳಿದ್ದಾರೆ. ತರಬೇತುದಾರ ಅಲೆಹಾಂಡ್ರೊ ಸಬೆಲ್ಲಾ ಎದುರು ಮಾತನಾಡುತ್ತ ಅವರು ಕಣ್ಣೀರಾದರು. ಕೊನೆಗೆ ಅವರ ಜಾಗದಲ್ಲಿ ಎಂಜೊ ಪೆರೆಸ್ ಆಡಿದರು. ಜರ್ಮನಿ 1–0ರಿಂದ ಗೆದ್ದಿತು.

ದಾಖಲೆಯ ಬೆಲೆ, ನೆಲೆಯಿಲ್ಲದ ಋತು

2014ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ 5.97 ಕೋಟಿ ಪೌಂಡ್ ತೆತ್ತು ಡಿ ಮರಿಯಾರನ್ನು ಕರೆತಂದಿತು. ಬ್ರಿಟಿಷ್ ಕ್ಲಬ್ ಒಂದು ಆಟಗಾರನಿಗೆ ಕೊಟ್ಟ ಅಂದಿನ ಗರಿಷ್ಠ ಬೆಲೆಯದು. ಪ್ರತಿಷ್ಠಿತ 7ನೇ ಸಂಖ್ಯೆಯ ಅಂಗಿಯೂ ದೊರೆಯಿತು. ಲೆಸ್ಟರ್ ವಿರುದ್ಧ ಗೋಲ್‌ಕೀಪರ್ ತಲೆಯ ಮೇಲಿಂದ ತೇಲಿಸಿದ ಗೋಲು ಆರಂಭದ ಸಂಭ್ರಮವನ್ನು ಹೆಚ್ಚಿಸಿತು. ಆದರೆ ಲೂಯಿ ವಾನ್ ಗಾಲ್ ಅವರ ಕೈಕೆಳಗೆ ಸ್ಥಾನ ಬದಲಾಗುತ್ತಲೇ ಹೋಯಿತು, ಗಾಯವೂ ಕಾಡಿತು. 2015ರ ಆರಂಭದಲ್ಲಿ ಕುಟುಂಬ ಮನೆಯಲ್ಲಿದ್ದಾಗಲೇ ಕಳ್ಳರು ನುಗ್ಗಲು ಯತ್ನಿಸಿದ ಘಟನೆ ಆಘಾತ ತಂದಿತು. 32 ಪಂದ್ಯ, 4 ಗೋಲುಗಳಿಗೆ ಇಂಗ್ಲೆಂಡ್ ಅಧ್ಯಾಯ ಮುಗಿಯಿತು.

ಅದೇ ವರ್ಷ ಸೇರಿದ ಪ್ಯಾರಿಸ್ ಸೇಂಟ್ ಜರ್ಮೇನ್‌ನಲ್ಲಿ ಅವರು ಏಳು ಋತು ಉಳಿದರು. ಅಷ್ಟು ದೀರ್ಘಕಾಲ ಅವರು ಬೇರೆಲ್ಲೂ ನಿಂತಿರಲಿಲ್ಲ. ಐದು ಲೀಗ್ ಪ್ರಶಸ್ತಿ, 90ಕ್ಕೂ ಹೆಚ್ಚು ಗೋಲು. 2017ರಲ್ಲಿ ತಮ್ಮ ಹುಟ್ಟುಹಬ್ಬದಂದೇ ಬಾರ್ಸಿಲೋನಾ ವಿರುದ್ಧ ಎರಡು ಗೋಲು ಗಳಿಸಿ 4–0 ಗೆಲುವಿಗೆ ನೆರವಾದರು; ಮರುಪಂದ್ಯದಲ್ಲಿ ಬಾರ್ಸಿಲೋನಾ 6–1ರಿಂದ ಆ ಮುನ್ನಡೆಯನ್ನು ಅಳಿಸಿಹಾಕಿದ್ದು ಬೇರೆ ಮಾತು. 2020ರಲ್ಲಿ ತಂಡ ಚಾಂಪಿಯನ್ಸ್ ಲೀಗ್ ಫೈನಲ್ ತಲುಪಿ ಬಯರ್ನ್ ಮ್ಯೂನಿಕ್‌ಗೆ ಮಣಿಯಿತು. 2022–23ರಲ್ಲಿ ಇಟಲಿಯ ಯುವೆಂಟಸ್ ಪರ ಆಡಿದ ಒಂದು ಋತುವಿನಲ್ಲಿ ಯಾವ ಪ್ರಶಸ್ತಿಯೂ ಸಿಗಲಿಲ್ಲ. ಆದರೆ ಆ ಋತುವಿನ ನಡುವೆಯೇ ಕತಾರ್ ವಿಶ್ವಕಪ್ ಬಂತು.

ಫೈನಲ್‌ಗಳ ಆಟಗಾರ

2015ರ ಕೊಪಾ ಅಮೆರಿಕ ಫೈನಲ್‌ನ ಮೊದಲಾರ್ಧದಲ್ಲೇ ಡಿ ಮರಿಯಾ ಗಾಯಗೊಂಡು ಹೊರನಡೆದರು. 2016ರ ಫೈನಲ್‌ನಲ್ಲಿ ಗಾಯದಿಂದ ಆಗಷ್ಟೇ ಚೇತರಿಸಿಕೊಂಡು ಆಡಲಿಳಿದರೂ ಪೂರ್ತಿ ನಿಲ್ಲಲಾಗಲಿಲ್ಲ. ಎರಡೂ ಬಾರಿ ಚಿಲಿ ಪೆನಾಲ್ಟಿ ಷೂಟೌಟ್‌ನಲ್ಲಿ ಗೆದ್ದಿತು. ನಿರ್ಣಾಯಕ ದಿನ ಕೈಕೊಡುವ ಆಟಗಾರ ಎಂಬ ಟೀಕೆ ತವರಿನಲ್ಲೇ ಕೇಳಿಬಂತು.

ಆ ಟೀಕೆಗೆ ಉತ್ತರ ಸಿಕ್ಕಿದ್ದು 2021ರ ಜುಲೈ 10ರಂದು, ರಿಯೊ ಡಿ ಜನೈರೊದ ಮರಕಾನಾದಲ್ಲಿ. 2014ರಲ್ಲಿ ಅವರು ಆಡಲಾಗದೆ ಉಳಿದ ಕ್ರೀಡಾಂಗಣವೂ ಅದೇ. ರೊಡ್ರಿಗೊ ಡಿ ಪಾಲ್ ನೀಡಿದ ದೀರ್ಘ ಪಾಸನ್ನು ಹಿಡಿದು 22ನೇ ನಿಮಿಷದಲ್ಲಿ ಬ್ರೆಜಿಲ್ ಗೋಲ್‌ಕೀಪರ್ ಎಡರ್ಸನ್ ತಲೆಯ ಮೇಲಿಂದ ಚೆಂಡನ್ನು ತೇಲಿಬಿಟ್ಟರು. ಬೀಜಿಂಗ್‌ನ ಒದೆತವೇ ಮತ್ತೊಮ್ಮೆ ಕಂಡಂತಿತ್ತು. 1993ರ ನಂತರ ಅರ್ಜೆಂಟೀನಾ ಹಿರಿಯರ ತಂಡ ಗೆದ್ದ ಮೊದಲ ಪ್ರಮುಖ ಪ್ರಶಸ್ತಿ ಅದು. 2022ರ ಜೂನ್‌ನಲ್ಲಿ ವೆಂಬ್ಲಿಯ ಫಿನಾಲಿಸಿಮಾದಲ್ಲಿ ಇಟಲಿ ವಿರುದ್ಧವೂ ಗೋಲು ಬಂತು.

ಕತಾರ್‌ನಲ್ಲಿ ಮತ್ತೆ ಗಾಯ. ನಾಕೌಟ್ ಹಂತದಲ್ಲಿ ನೆದರ್ಲೆಂಡ್ಸ್ ವಿರುದ್ಧದ ಕೊನೆಯ ನಿಮಿಷಗಳನ್ನು ಬಿಟ್ಟರೆ ಅವರು ಕಣಕ್ಕಿಳಿದಿರಲಿಲ್ಲ. ಡಿಸೆಂಬರ್ 18ರ ಫೈನಲ್‌ಗೆ ತರಬೇತುದಾರ ಲಯೊನೆಲ್ ಸ್ಕಲೋನಿ ಅವರನ್ನು ಆರಂಭದಿಂದಲೇ, ಅದೂ ಎಡ ಅಂಚಿನಲ್ಲಿ ಆಡಿಸಿದರು. ಈ ಬದಲಾವಣೆಯನ್ನು ಫ್ರಾನ್ಸ್ ನಿರೀಕ್ಷಿಸಿರಲಿಲ್ಲ. ಡಿ ಮರಿಯಾರನ್ನು ಉಸ್ಮಾನ್ ಡೆಂಬೆಲೆ ಕೆಡವಿದ್ದರಿಂದ ದೊರೆತ ಪೆನಾಲ್ಟಿಯನ್ನು ಮೆಸ್ಸಿ ಗೋಲಾಗಿಸಿದರು. 36ನೇ ನಿಮಿಷದ ಮಿಂಚಿನ ದಾಳಿಯಲ್ಲಿ ಅಲೆಕ್ಸಿಸ್ ಮ್ಯಾಕ್ ಅಲಿಸ್ಟರ್ ಕೊಟ್ಟ ಚೆಂಡನ್ನು ಡಿ ಮರಿಯಾ ಗುರಿ ಮುಟ್ಟಿಸಿ, ಅಲ್ಲೇ ಅತ್ತರು. 64ನೇ ನಿಮಿಷದಲ್ಲಿ ಅವರು ಮೈದಾನ ತೊರೆದಾಗ ಅರ್ಜೆಂಟೀನಾ 2–0ರಿಂದ ಮುಂದಿತ್ತು. ನಂತರ ಕಿಲಿಯನ್ ಎಂಬಾಪೆ ಪಂದ್ಯದ ದಿಕ್ಕನ್ನೇ ಬದಲಿಸಿದರು. 3–3ರ ಸಮಬಲದ ಬಳಿಕ ಷೂಟೌಟ್‌ನಲ್ಲಿ ಅರ್ಜೆಂಟೀನಾ ವಿಶ್ವಕಪ್ ಎತ್ತಿತು. 2024ರ ಜುಲೈ 14ರಂದು ಕೊಲಂಬಿಯಾ ವಿರುದ್ಧದ ಕೊಪಾ ಅಮೆರಿಕ ಫೈನಲ್ ದೇಶದ ಪರ ಅವರ ಕೊನೆಯ ಪಂದ್ಯವಾಯಿತು. ಅದರಲ್ಲೂ ಗೆಲುವು.

ಬೆದರಿಕೆಯ ನೆರಳಲ್ಲಿ ತವರು

2023ರಲ್ಲಿ ಬೆನ್ಫಿಕಾಕ್ಕೆ ಮರಳಿದ್ದ ಡಿ ಮರಿಯಾಗೆ ಸೆಂಟ್ರಲ್ ಪರ ಆಡಿ ವೃತ್ತಿ ಮುಗಿಸಬೇಕೆಂಬ ಆಸೆಯಿತ್ತು. ಆದರೆ ಮಾದಕ ವಸ್ತು ಸಾಗಣೆದಾರರ ಹಿಂಸೆಗೆ ಸಿಲುಕಿದ್ದ ರೊಸಾರಿಯೊ ಅರ್ಜೆಂಟೀನಾದಲ್ಲೇ ಕುಖ್ಯಾತವಾಗಿತ್ತು. 2023ರ ಮಾರ್ಚ್‌ನಲ್ಲಿ ಮೆಸ್ಸಿ ಪತ್ನಿಯ ಕುಟುಂಬಕ್ಕೆ ಸೇರಿದ ಸೂಪರ್‌ಮಾರ್ಕೆಟ್ ಮೇಲೆ ಗುಂಡು ಹಾರಿಸಲಾಗಿತ್ತು. ಒಂದು ವರ್ಷದ ನಂತರ, ಡಿ ಮರಿಯಾ ಊರಿಗೆ ಬಂದಾಗ ತಂಗುವ ಬಡಾವಣೆಯ ಬಳಿ ಬೆದರಿಕೆ ಪತ್ರ ಎಸೆಯಲಾಯಿತು. ಅವರು ಮರಳಿದರೆ ಕುಟುಂಬದವರ ಜೀವಕ್ಕೆ ಅಪಾಯವಿದೆ ಎಂಬುದು ಅದರ ಸಂದೇಶ. ಸಹೋದರಿಯ ವ್ಯವಹಾರದ ಸ್ಥಳಕ್ಕೂ ಬೆದರಿಕೆ ಬಂದಿತ್ತೆಂದು ಅವರು ಬಳಿಕ ತಿಳಿಸಿದರು. ಮನೆಯವರ ನೆಮ್ಮದಿಗಿಂತ ಕನಸು ದೊಡ್ಡದಲ್ಲವೆಂದು ಆ ವರ್ಷ ಊರಿನ ಯೋಚನೆಯನ್ನು ಕೈಬಿಟ್ಟರು.

2025ರ ಮೇ ತಿಂಗಳಲ್ಲಿ ಸೆಂಟ್ರಲ್ ಅವರ ಮರಳುವಿಕೆಯನ್ನು ಪ್ರಕಟಿಸಿತು. ಜುಲೈನಲ್ಲಿ ಗೊಡೊಯ್ ಕ್ರೂಸ್ ವಿರುದ್ಧದ ಮೊದಲ ಪಂದ್ಯದಲ್ಲೇ ಪೆನಾಲ್ಟಿಯಲ್ಲಿ ಗೋಲು ಬಂತು. ಆಗಸ್ಟ್ 23ರಂದು ಸಾಂಪ್ರದಾಯಿಕ ಎದುರಾಳಿ ನ್ಯೂವೆಲ್ಸ್ ವಿರುದ್ಧದ ಪಂದ್ಯದ ಕೊನೆಯ ಘಟ್ಟದಲ್ಲಿ ಫ್ರೀ ಕಿಕ್ ಒದ್ದು 1–0 ಗೆಲುವು ತಂದಿತ್ತರು. ವರ್ಷದ ಒಟ್ಟು ಅಂಕಪಟ್ಟಿಯಲ್ಲಿ ಅಗ್ರಸ್ಥಾನ ಪಡೆದ ಸೆಂಟ್ರಲ್‌ಗೆ ನವೆಂಬರ್‌ನಲ್ಲಿ ‘ಲೀಗ್ ಚಾಂಪಿಯನ್’ ಪ್ರಶಸ್ತಿ ನೀಡಲಾಯಿತು. ಋತುವಿನ ಆರಂಭದಲ್ಲಿ ಇಲ್ಲದ ಪ್ರಶಸ್ತಿಯನ್ನು ಕೊನೆಗೆ ಸೃಷ್ಟಿಸಲಾಯಿತೆಂಬ ಆಕ್ಷೇಪವೂ ವ್ಯಕ್ತವಾಯಿತು. ಪ್ರಶಸ್ತಿಯ ವಿವಾದ ಏನೇ ಇರಲಿ, ತಾಯಿ ಸೈಕಲ್ಲಿನಲ್ಲಿ ಕರೆತರುತ್ತಿದ್ದ ಕ್ಲಬ್‌ಗೆ ಹದಿನೆಂಟು ವರ್ಷಗಳ ನಂತರ ಮರಳಿ, ಊರಿನ ಅತಿ ದೊಡ್ಡ ಪಂದ್ಯವನ್ನು ತಮ್ಮ ಎಡಗಾಲಿನಿಂದಲೇ ಗೆಲ್ಲಿಸಿದ್ದರು ಡಿ ಮರಿಯಾ.

ಕಿರುನೋಟ

ಜನನ: 1988ರ ಫೆಬ್ರುವರಿ 14, ರೊಸಾರಿಯೊ
ಆಡಿದ ಕ್ಲಬ್‌ಗಳು: ರೊಸಾರಿಯೊ ಸೆಂಟ್ರಲ್ (2005–07), ಬೆನ್ಫಿಕಾ (2007–10), ರಿಯಲ್ ಮ್ಯಾಡ್ರಿಡ್ (2010–14), ಮ್ಯಾಂಚೆಸ್ಟರ್ ಯುನೈಟೆಡ್ (2014–15), ಪ್ಯಾರಿಸ್ ಸೇಂಟ್ ಜರ್ಮೇನ್ (2015–22), ಯುವೆಂಟಸ್ (2022–23), ಬೆನ್ಫಿಕಾ (2023–25), ರೊಸಾರಿಯೊ ಸೆಂಟ್ರಲ್ (2025ರಿಂದ)
ಅರ್ಜೆಂಟೀನಾ ಪರ: 145 ಪಂದ್ಯ, 31 ಗೋಲು
ದೇಶದ ಪರ ಪ್ರಮುಖ ಪ್ರಶಸ್ತಿ: ಒಲಿಂಪಿಕ್ ಚಿನ್ನ (2008), ಕೊಪಾ ಅಮೆರಿಕ (2021, 2024), ಫಿನಾಲಿಸಿಮಾ (2022), ವಿಶ್ವಕಪ್ (2022)