ಲಾಯಿಂಕ್–ಸ್ನೋಮೆಡ್ ಸಿಟಿ ಒಪ್ಪಂದ
ಆಸ್ಪತ್ರೆಗಳ ಕಂಪ್ಯೂಟರುಗಳು ಒಂದರ ದಾಖಲೆಯನ್ನು ಇನ್ನೊಂದು ತಪ್ಪಿಲ್ಲದೆ ಓದಿಕೊಳ್ಳಲೆಂದು 2013ರ ಜುಲೈನಲ್ಲಿ ಆದ ಒಡಂಬಡಿಕೆ. ಇಂಡಿಯಾನಾಪೊಲಿಸ್‌ನ ರೀಗನ್‌ಸ್ಟ್ರೀಫ್ ಸಂಸ್ಥೆ 1994ರಲ್ಲಿ ಆರಂಭಿಸಿದ ಲಾಯಿಂಕ್, ಪರೀಕ್ಷೆಗಳಿಗೆ ಸಂಕೇತ ಕೊಡುತ್ತದೆ. ಈಗ ಸ್ನೋಮೆಡ್ ಇಂಟರ್‌ನ್ಯಾಷನಲ್ ಎನಿಸಿಕೊಳ್ಳುವ ಸಂಸ್ಥೆಯ ಸ್ನೋಮೆಡ್ ಸಿಟಿ, ರೋಗ, ಲಕ್ಷಣ, ಚಿಕಿತ್ಸೆಗಳನ್ನು ಗುರುತಿಸುತ್ತದೆ. ಲ್ಯಾಬ್ ಚೀಟಿಯಲ್ಲಿ ಒಬ್ಬರು ‘ಶುಗರ್’, ಇನ್ನೊಬ್ಬರು ‘ಗ್ಲೂಕೋಸ್’ ಎಂದು ಬರೆದರೂ, ಸೀರಮ್ ಅಥವಾ ಪ್ಲಾಸ್ಮಾದ ಗ್ಲೂಕೋಸ್ ಪ್ರಮಾಣಕ್ಕೆ ಲಾಯಿಂಕ್ ಸಂಕೇತ 2345-7. ಮಧುಮೇಹಕ್ಕೆ ಸ್ನೋಮೆಡ್‌ನದು 73211009. ಮೊದಲನೆಯದು ಪ್ರಶ್ನೆ, ಎರಡನೆಯದು ಉತ್ತರ ಎನ್ನುವುದುಂಟು. ಗಡಿ ಅಷ್ಟು ನೇರವಾಗಿಲ್ಲ: ಪರೀಕ್ಷೆಗಳ ಹೆಸರುಗಳು ಸ್ನೋಮೆಡ್‌ನಲ್ಲೂ ಸೇರಿಕೊಂಡು, ಒಂದೇ ಕೆಲಸ ಎರಡು ಕಡೆ ನಡೆಯುತ್ತಿತ್ತು. ಲಾಯಿಂಕ್ ಪದಗಳ ಬಿಡಿಭಾಗಗಳನ್ನು ಸ್ನೋಮೆಡ್ ಪರಿಕಲ್ಪನೆಗಳಿಗೆ ಹೊಂದಿಸುವುದೇ ಒಪ್ಪಂದದ ತಿರುಳು. ಭಾರತದ 2016ರ ವಿದ್ಯುನ್ಮಾನ ಆರೋಗ್ಯ ದಾಖಲೆ ಮಾನದಂಡಗಳಲ್ಲಿ ಎರಡಕ್ಕೂ ಜಾಗವಿದೆ.