‘ವಾಡಿಕೆ ಮಳೆ’ ಅಂದ್ರೆ ಯಾವ ಕಾಲದ ವಾಡಿಕೆ?

ಇವತ್ತಿನ ಸಂಚಿಕೆ ಶುರುವಾಗೋದು ನಮ್ಮ ಅಜ್ಜನ ಒಂದು ಪ್ರಶ್ನೆಯಿಂದ. ಹೋದ ಮಳೆಗಾಲದಲ್ಲಿ ಹಾನಗಲ್ ಕಡೆಯ ನಮ್ಮೂರಿಗೆ ಹೋಗಿದ್ದೆ. ಮೊಬೈಲ್‌ನಲ್ಲಿ ಸುದ್ದಿ ನೋಡಿ, “ಅಜ್ಜಾ, ಈ ಸಲ ವಾಡಿಕೆ ಮಳಿ ಆಗೇತಂತ” ಅಂದೆ. ಅಜ್ಜ ಕಟ್ಟೆ ಮೇಲೆ ಕೂತು ಸವಣೂರು ಎಲೆಗೆ ಸುಣ್ಣ ಹಚ್ಚುತ್ತಿದ್ದ. ತಲೆ ಎತ್ತದೇ ಕೇಳಿದ: “ಯಾರ ವಾಡಿಕಿ ತಮ್ಮಾ? ನಂದೋ, ನಿಂದೋ?”

ನಾನು ಬಿ.ಕಾಂ ಓದಿದವನು. ಸಂಖ್ಯಾಶಾಸ್ತ್ರದ ಪೇಪರಿನಲ್ಲಿ ಮೂಲ ವರ್ಷ, ಸೂಚ್ಯಂಕ, ಕಾಲಶ್ರೇಣಿ ಅಂತ ಬಾಯಿಪಾಠ ಮಾಡಿ ಪಾಸಾಗಿದ್ದೇನೆ. ಬೆಲೆ ಏರಿತು ಅಂದ್ರೆ ‘ಯಾವ ವರ್ಷಕ್ಕೆ ಹೋಲಿಸಿದರೆ?’ ಅಂತ ಮೊದಲು ಕೇಳಬೇಕು ಅಂತ ಮೇಷ್ಟ್ರು ಹೇಳಿದ್ದರು. ಆದರೆ ಮಳೆ ವಿಚಾರಕ್ಕೆ ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಅಜ್ಜ ಕೇಳಿದ ಮೇಲೆ ಹುಡುಕಿದೆ.

ವಾಡಿಕೆ ಮಳೆ ಅನ್ನೋದು ದೀರ್ಘ ಅವಧಿಯ ಸರಾಸರಿ. ಆ ಅವಧಿ ಸರಿಯುತ್ತಾ ಹೋಗುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿಗೆ ಇಡೀ ದೇಶದ ವಾಡಿಕೆ, 1951ರಿಂದ 2000ರ ಲೆಕ್ಕದಲ್ಲಿ 89 ಸೆಂ.ಮೀ. ಆಮೇಲೆ 1961ರಿಂದ 2010ರ ಲೆಕ್ಕ ಬಂತು, 88 ಆಯ್ತು. 2022ರಲ್ಲಿ ಹವಾಮಾನ ಇಲಾಖೆ 1971ರಿಂದ 2020ರ ಲೆಕ್ಕ ತಂದಿತು, 87 ಆಯ್ತು. ಅಂದ್ರೆ ಈಗ ನೂರಕ್ಕೆ ನೂರು ವಾಡಿಕೆ ಮಳೆ ಬಂದರೂ, ಹಳೆಯ ಅಳತೆಗೋಲಿನಲ್ಲಿ ಅದು ನೂರಲ್ಲ. ಅಜ್ಜನ ಪ್ರಶ್ನೆ ಸರಿಯಾಗೇ ಇತ್ತು ನೋಡ್ರಿ.

ಈ ಅಳತೆಗೋಲು ಹುಟ್ಟಿದ್ದು ಹೇಗೆ? ಭಾರತೀಯ ಹವಾಮಾನ ಇಲಾಖೆ ಶುರುವಾಗಿದ್ದು 1875ರಲ್ಲಿ. ಮರುವರ್ಷವೇ ಮಳೆ ಕೈಕೊಟ್ಟಿತು. 1876ರಿಂದ 78ರ ಆ ಬರಗಾಲ ಮದರಾಸು, ಮೈಸೂರು ಸೀಮೆಗಳನ್ನು ತಿಂದು ಹಾಕಿತು. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಧಾರವಾಡ ಜಿಲ್ಲೆಯನ್ನೂ ಬಿಡಲಿಲ್ಲ. ಮುಂದಿನ ಮಳೆಯನ್ನು ಮೊದಲೇ ಹೇಳೋಕಾಗುತ್ತಾ ಅನ್ನೋದು ಸರ್ಕಾರಕ್ಕೆ ದೊಡ್ಡ ಪ್ರಶ್ನೆಯಾಯ್ತು. ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ನಂಟು ಹುಡುಕಿದರು. 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಮೂಲತಃ ಗಣಿತದವರು. ಕಂಪ್ಯೂಟರ್ ಇಲ್ಲದ ಕಾಲ. ಗುಮಾಸ್ತರನ್ನು ಕೂರಿಸಿಕೊಂಡು, ಜಗತ್ತಿನ ಬೇರೆ ಬೇರೆ ಕಡೆಯ ಮಳೆ, ಗಾಳಿಯ ಒತ್ತಡ, ಉಷ್ಣಾಂಶದ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ತಾಳೆ ನೋಡಿದರು. ಪೆಸಿಫಿಕ್ ಸಾಗರದ ಕಡೆ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತೆ, ಥೇಟ್ ತಕ್ಕಡಿ ಥರ ಅನ್ನೋದು ಹೀಗೆ ಸಿಕ್ಕಿತು. ಇವತ್ತು ಟಿವಿಯವರು ಎಲ್ ನಿನೊ ಅಂತ ಹೆದರಿಸ್ತಾರಲ್ಲ, ಅದು ಈ ತಕ್ಕಡಿಯ ಜೋಡಿ.

ಆದರೆ ಅಷ್ಟೆಲ್ಲಾ ಲೆಕ್ಕಕ್ಕೆ ಅಂಕಿ ಕೊಟ್ಟವರು ಯಾರು? ಮಳೆಮಾಪಕ ಅಂದ್ರೆ ಮೇಲೊಂದು ಆಲಿಕೆ, ಒಳಗೊಂದು ಡಬ್ಬಿ, ನೀರು ಅಳೆಯೋಕೆ ಒಂದು ಗಾಜಿನ ಜಾಡಿ. ಇಷ್ಟೇ. ಈಗಿನ ಪದ್ಧತಿಯಲ್ಲಿ ಬೆಳಿಗ್ಗೆ ಎಂಟೂವರೆಗೆ ಒಬ್ಬರು ಹೋಗಿ, ಹಿಂದಿನ 24 ಗಂಟೆಯ ನೀರನ್ನು ಅಳೆದು ಬರೆಯಬೇಕು. 2.5 ಮಿ.ಮೀ. ದಾಟಿದರೆ ಅದು ‘ಮಳೆ ದಿನ’. ಹಬ್ಬ ಇರಲಿ, ಜ್ವರ ಇರಲಿ, ಎಂಟೂವರೆ ಎಂಟೂವರೆನೇ. ನಾನು ಜಿಮ್ಮಿಗೆ ಹನ್ನೊಂದು ದಿನ ಹೋಗಿ ಬಿಟ್ಟವನು, ಅದಕ್ಕೇ ಈ ಕೆಲಸದ ಮೇಲೆ ನನಗೆ ವಿಶೇಷ ಗೌರವ.

ಇನ್ನೊಂದು ತೊಡಕಿದೆ. ಹಾವೇರಿ ಜಿಲ್ಲೆಗೆ ನೂರೈವತ್ತು ವರ್ಷದ ಒಂದು ಗ್ರಾಫ್ ಬಿಡಿಸೋಣ ಅಂದುಕೊಳ್ಳಿ. ಹಾವೇರಿ ಜಿಲ್ಲೆಯಾಗಿದ್ದೇ 1997ರಲ್ಲಿ! ಅದಕ್ಕೂ ಮೊದಲು ಧಾರವಾಡ ಜಿಲ್ಲೆ. 1956ಕ್ಕೂ ಮೊದಲು ಮುಂಬಯಿ. ಬ್ರಿಟಿಷರ ಕಾಲದ ದಾಖಲೆಯಲ್ಲಿ ಹಿರೇಕೆರೂರು ಭಾಗ ಹುಡುಕಬೇಕಾದರೆ ‘ಕೋಡ’ ತಾಲ್ಲೂಕು ನೋಡಬೇಕು, ಶಿಗ್ಗಾವಿಗೆ ‘ಬಂಕಾಪುರ’. ಸವಣೂರಂತೂ ನವಾಬರ ಸಂಸ್ಥಾನ, ಅದರ ಆಡಳಿತವೇ ಬೇರೆ. ಮೋಡಕ್ಕೆ ಗಡಿ ಗೊತ್ತಿಲ್ಲ, ಆದರೆ ದಫ್ತರಕ್ಕೆ ಗೊತ್ತು. ಮಲೆನಾಡಿನ ಸೆರಗಿನ ಹಾನಗಲ್ಲನ್ನೂ ಬಯಲಿನ ಸವಣೂರನ್ನೂ ಒಂದೇ ಸರಾಸರಿಗೆ ಹಾಕಿದರೆ ಬರುವ ಅಂಕಿ ಎರಡೂ ಊರಿನದಲ್ಲ, ಅದೊಂದು ಬೇರೆ ಕಥೆ.

ಗ್ರಾಫ್ ಕಡಿಯೋದು ನಮ್ಮಲ್ಲಿ ಮಾತ್ರ ಅಲ್ಲ. ಜಗತ್ತಿನ ಅತಿ ಪ್ರಸಿದ್ಧ ಪರಿಸರ ಗ್ರಾಫ್ ಅಂದ್ರೆ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲಿನ ಇಂಗಾಲದ ಡೈಆಕ್ಸೈಡ್ ಅಳತೆ. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 315 ಇತ್ತು, ಈಗ 420 ದಾಟಿದೆ. ಆ ಗೆರೆಯಲ್ಲೂ 1964ರಲ್ಲಿ ಕೆಲವು ತಿಂಗಳ ಖಾಲಿ ಜಾಗ ಇದೆ. ಕಾರಣ? ದುಡ್ಡು ಕಡಿತವಾಗಿತ್ತು.

ಈಗ ನಮ್ಮ ಹೊಲಕ್ಕೆ ಬರೋಣ. ಒಂದು ಊಹೆಯ ಲೆಕ್ಕ. ಒಂದು ತಾಲ್ಲೂಕಿನ ಹಳೆಯ ವಾಡಿಕೆ 800 ಮಿ.ಮೀ. ಅಂತಿರಲಿ. ಈ ವರ್ಷ 640 ಬಂತು. ಶೇ 20 ಕಡಿಮೆ. ಇಲಾಖೆಯ ಭಾಷೆಯಲ್ಲಿ ‘ಮಳೆ ಕೊರತೆ’. ವಾಡಿಕೆ ಪರಿಷ್ಕರಣೆಯಾಗಿ 760 ಆಯ್ತು ಅಂದುಕೊಳ್ಳಿ. ಅದೇ 640 ಈಗ ಶೇ 16 ಮಾತ್ರ ಕಡಿಮೆ. ಶೇ 19ರವರೆಗೆ ಕಡಿಮೆಯಾದರೂ ಅದು ‘ವಾಡಿಕೆ’ಯೇ. ಬಿದ್ದದ್ದು ಅಷ್ಟೇ ನೀರು, ಒಣಗಿದ್ದು ಅದೇ ಗೋವಿನಜೋಳ, ಹಣೆಪಟ್ಟಿ ಮಾತ್ರ ಬದಲು. ಬರ ಘೋಷಣೆ ಒಂದೇ ಅಂಕಿಯ ಮೇಲೆ ನಿಲ್ಲೋದಿಲ್ಲ. ಮೂರು ವಾರ ಮಳೆ ಬಿಡುವು ಕೊಟ್ಟಿತಾ, ಬಿತ್ತನೆ ಎಷ್ಟಾಯ್ತು, ಮಣ್ಣಿನ ತೇವ ಎಷ್ಟು, ಉಪಗ್ರಹಕ್ಕೆ ಹಸಿರು ಕಂಡಿತಾ ಅಂತೆಲ್ಲಾ ನೋಡಿ, ಆಮೇಲೆ ಹೊಲಕ್ಕೆ ಬಂದು ಪರಿಶೀಲನೆ ಮಾಡ್ತಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿದ್ದು ಇಂಥ ಜರಡಿ ದಾಟಿಯೇ. ಆದರೂ ಮೊದಲ ಬಾಗಿಲಲ್ಲಿ ನಿಂತಿರೋದು ಮಳೆಯ ಅಂಕಿನೇ.

ಹಾಗಂತ ಇಲಾಖೆ ಮೋಸ ಮಾಡ್ತಿದೆ ಅಂತ ವಾಟ್ಸ್‌ಆ್ಯಪ್ ಫಾರ್ವರ್ಡ್ ಮಾಡಬೇಡಿ. ವಾಡಿಕೆಯನ್ನು ಪರಿಷ್ಕರಿಸೋದು ಜಗತ್ತಿನ ಪದ್ಧತಿ. ಈ ಕಾಲದ ರೈತ ಈ ಕಾಲದ ಮಳೆ ನಂಬಿ ತಾನೇ ಬಿತ್ತಬೇಕು? 89ರಿಂದ 87ಕ್ಕೆ ಇಳಿದಿದ್ದು ಮುಂಗಾರಿನ ಸಹಜ ಏರಿಳಿತ, ಕೆಲವು ದಶಕ ಹೆಚ್ಚು, ಕೆಲವು ದಶಕ ಕಡಿಮೆ ಅಂತ ಇಲಾಖೆಯೇ ಹೇಳಿದೆ. ನನ್ನ ತಕರಾರು ಇಷ್ಟೇ. ಭೂಮಿ ಎಷ್ಟು ಬಿಸಿಯಾಯ್ತು ಅಂತ ಹೇಳುವಾಗ 1850ರಿಂದ 1900ರ ಕಾಲವನ್ನು ಗೂಟದ ಹಾಗೆ ನೆಟ್ಟು ಅಳೀತಾರೆ. ಹಾಗಾಗಿಯೇ 2024 ಸುಮಾರು ಒಂದೂವರೆ ಡಿಗ್ರಿ ಹೆಚ್ಚು ಅಂತ ಗೊತ್ತಾಯ್ತು. ನಮ್ಮ ತಾಲ್ಲೂಕಿನ ಮಳೆಗೂ ಹೊಸ ವಾಡಿಕೆಯ ಪಕ್ಕದಲ್ಲಿ ಹಳೆಯದನ್ನೂ ಒಂದು ಸಾಲು ಬರೆದರೆ ಏನು ಗಂಟು ಹೋಗುತ್ತೆ?

ಇದನ್ನೆಲ್ಲಾ ಅಜ್ಜನಿಗೆ ವಿವರಿಸಿದೆ. ಆತನ ಅಳತೆಯೇ ಬೇರೆ. ರೋಹಿಣಿ ಮಳೆಗೆ ಮಣ್ಣು ಎಷ್ಟು ಗೇಣು ಹಸಿಯಾಯ್ತು, ಕೆರೆ ಕೋಡಿ ಬಿದ್ದದ್ದು ಯಾವ ವರ್ಷ, ಅಷ್ಟೇ. “ಒಂದ ರಾತ್ರ್ಯಾಗ ಬಂದು ಒಡ್ಡು ಒಡಕೊಂಡು ಹೋದ ಮಳೀನೂ ನಿಮ್ಮ ವಾಡಿಕ್ಯಾಗ ಕೂಡಸ್ತಾರೇನು?” ಅಂತ ಕೇಳಿದ. ಹೌದು ಅಂದೆ. ಅಜ್ಜ ನಕ್ಕು ಎಲೆ ಬಾಯಿಗಿಟ್ಟ.

ಆನೆಕೆರೆ ಇರೋ ಹಾನಗಲ್ಲಿನವರು, ಹೆಸರಲ್ಲೇ ಕೆರೆ ಇರೋ ಹಿರೇಕೆರೂರಿನವರು, ಶಿಗ್ಗಾವಿ, ಸವಣೂರಿನವರು ಕೇಳ್ತಿದ್ರೆ ಒಂದು ಕೆಲಸ ಮಾಡ್ರಿ. ಮನೆಯಲ್ಲಿ ಹಿರಿಯರನ್ನು ಕೇಳಿ, ನಿಮ್ಮೂರ ಕೆರೆ ಕೋಡಿ ಬಿದ್ದ ವರ್ಷಗಳನ್ನು ವಾಯ್ಸ್ ಮೆಸೇಜ್ ಮಾಡಿ. ಮದುವೆ, ಚುನಾವಣೆ, ಮಗು ಹುಟ್ಟಿದ್ದು, ಯಾವುದರ ನೆನಪಿನಿಂದ ವರ್ಷ ಹಿಡಿದರೂ ಸರಿ. ನಮ್ಮೂರ ಕೆರೆಯದ್ದು ಬರೆಯೋಕೆ ಶುರು ಮಾಡಿದ್ದೇನೆ. ಅಜ್ಜನ ಲೆಕ್ಕದಲ್ಲಿ ಇಲ್ಲಿವರೆಗೆ ಏಳು ವರ್ಷ ಸಿಕ್ಕಿವೆ, ಎರಡರ ಬಗ್ಗೆ ಅಜ್ಜಿಯ ತಕರಾರಿದೆ.